ಅತ್ತೆ ಬಾಯಿ ತೆರೆದ ಹೊತ್ತಿಗೆ ಆರಿದ ಕಂಪ್ಯೂಟರ್

ಮೊನ್ನೆ ಚಟ್ನಿ ಅರೆಯುತ್ತಿದ್ದಾಗ ಮಿಕ್ಸಿ ತಟ್ಟನೆ ನಿಂತಿತು. ಕರೆಂಟು ಹೋಗಿತ್ತು, ಅಷ್ಟೇ. ನಮ್ಮ ಯಲ್ಲಾಪುರದ ಕಡೆ ಕರೆಂಟು ಹೋಗುವುದೇನೂ ಸುದ್ದಿಯಲ್ಲ. ಆದರೂ ನನ್ನ ಕೈ ಮಿಕ್ಸಿಯ ಮುಚ್ಚಳದ ಮೇಲೆ ಹಾಗೇ ಉಳಿಯಿತು. ಹಾವಿಗೆ, ಹಲ್ಲಿಗೆ, ಹೆಡ್‌ಮಾಸ್ತರರಿಗೆ ಹೆದರುವವರನ್ನು ನೀವು ನೋಡಿರುತ್ತೀರಿ. ಮಿಕ್ಸಿ ನಿಂತರೆ ಹೆದರುವವಳು ಬಹುಶಃ ನಾನೊಬ್ಬಳೇ. ಓಡುತ್ತಿರುವ ಯಾವ ಯಂತ್ರ ನಡುವೆ ನಿಂತರೂ ನನಗೆ ಹೀಗೇ. ಇದು ನಮ್ಮ ಮನೆಯ ಹಳೆಯ ಕಂಪ್ಯೂಟರ್ ಅಂಟಿಸಿ ಹೋದ ರೋಗ.

ಯಂತ್ರಗಳ ಬಗ್ಗೆ ನನಗಿರುವ ವಿದ್ಯೆಯೆಲ್ಲ ಅಪ್ಪನ ರೇಡಿಯೋದಿಂದ ಬಂದದ್ದು. ನನ್ನ ತವರು ಸಿದ್ದಾಪುರ ತಾಲ್ಲೂಕಿನ ತ್ಯಾಗಲಿ. ಅಲ್ಲಿನ ಜಗುಲಿಯ ರೇಡಿಯೋ ದಿನವಿಡೀ ಚೆನ್ನಾಗಿ ಹಾಡಿ, ಸಂಜೆ ವಾರ್ತೆ ಶುರುವಾದ ಕೂಡಲೇ ಬಾಯಿ ಮುಚ್ಚುತ್ತಿತ್ತು. ಅಪ್ಪ ಅದರ ಬಲ ಪಕ್ಕೆಗೆ ಒಂದು ಪೆಟ್ಟು ಕೊಡುತ್ತಿದ್ದರು. ಎಡ ಪಕ್ಕೆಗೆ ಕೊಟ್ಟರೆ ಪ್ರಯೋಜನವಿಲ್ಲ. ಪೆಟ್ಟಿಗೂ ಬಗ್ಗದಿದ್ದರೆ ನನ್ನನ್ನು ಕರೆಯುತ್ತಿದ್ದರು. ಒಂದು ತಂತಿಯ ತುದಿ ಹಿಡಿದು, ಇನ್ನೊಂದು ಕೈಯಲ್ಲಿ ಕಿಟಕಿಯ ಸರಳು ಹಿಡಿದು ನಿಲ್ಲುವುದು ನನ್ನ ಕೆಲಸ. "ಕೈ ಬಿಡಡ, ಕೈ ಬಿಡಡ!" ಎಂದು ಅಪ್ಪ ಕೂಗುತ್ತಿದ್ದರು. ಕೈ ಬಿಟ್ಟರೆ ವಾರ್ತೆ ಹೋಗುತ್ತಿತ್ತು. ಆ ವಾರ್ತೆ ಓದುವವರು ನನ್ನ ಮೈಯೊಳಗಿಂದಲೇ ಮಾತಾಡುತ್ತಾರೆಂದು ನಾನು ಬಹಳ ದಿನ ನಂಬಿದ್ದೆ. ಮೂಗು ತುರಿಸಿದರೂ ಸಹಿಸಿಕೊಂಡು, ದೇಶದ ಜವಾಬ್ದಾರಿ ಹೊತ್ತವಳಂತೆ ನಿಲ್ಲುತ್ತಿದ್ದೆ.

ಇಂಥ ವಿದ್ಯಾವಂತೆಯ ಹೊಟ್ಟೆಪಾಡು ಕಂಪ್ಯೂಟರಿನಿಂದಲೇ ನಡೆಯುವಂತಾಯಿತು ನೋಡಿ. ನಾನು ಮನೆಯಲ್ಲೇ ಕೂತು ಶಿರಸಿಯ ಒಂದು ಮುದ್ರಣಾಲಯಕ್ಕೆ ಪುಸ್ತಕಗಳ ಪುಟ ಜೋಡಿಸಿ ಕೊಡುತ್ತೇನೆ. ಗಂಡ ಶ್ರೀಧರ ಯಲ್ಲಾಪುರದ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಕಾಲೇಜಿನಲ್ಲಿ ಒಂದೇ ತರಗತಿಯಲ್ಲಿದ್ದವರಾದ್ದರಿಂದ ನಮ್ಮಲ್ಲಿ ಬಹುವಚನ ಬೆಳೆಯಲೇ ಇಲ್ಲ. ನಂದೊಳ್ಳಿಯ ದಾರಿಯಲ್ಲಿ ನಮ್ಮ ಮನೆ. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ಮಕ್ಕಳಿರಲಿಲ್ಲ. ದತ್ತು ಕೇಳಿ ಅರ್ಜಿ ಹಾಕಿ ಕಾಯುತ್ತಿದ್ದೆವು. ಕಾದು ಕಾದು, ಯಾರಾದರೂ "ಎಂತ ಸುದ್ದಿ?" ಎಂದರೆ ಹವಾಮಾನ ಹೇಳುವುದನ್ನು ಕಲಿತಿದ್ದೆವು.

ದತ್ತಿನ ಮಾತು ಮೊದಲು ಎತ್ತಿದ ದಿನ ಅತ್ತೆ ಹೂಬತ್ತಿ ಹೊಸೆಯುತ್ತಿದ್ದರು. ಎಲ್ಲ ಕೇಳಿಸಿಕೊಂಡು, "ನಿಂಗಳ ಇಷ್ಟ" ಎಂದರು. ಹತ್ತಿಯಿಂದ ಕಣ್ಣೆತ್ತಲಿಲ್ಲ. ಕನ್ನಡದಲ್ಲಿ ಇದಕ್ಕಿಂತ ಕಷ್ಟದ ವಾಕ್ಯ ಇನ್ನೊಂದಿಲ್ಲ. ಸಂತೋಷವಾದರೂ ಹಾಗೇ ಅನ್ನಬಹುದು, ಬೇಡವೇ ಬೇಡ ಎನ್ನುವುದಕ್ಕೂ ಹಾಗೇ ಅನ್ನಬಹುದು. ಅತ್ತೆ ಯಾವುದಕ್ಕೆ ಅಂದರೆಂಬುದು ನಮಗೆ ತಿಳಿಯಲಿಲ್ಲ, ಕೇಳುವ ಧೈರ್ಯವೂ ಆಗಲಿಲ್ಲ.

ಆ ವರ್ಷ ಬೇಸಿಗೆ ಶುರುವಾಗುವಾಗ ಕಂಪ್ಯೂಟರ್ ತಾನಾಗಿ ಆರಿಹೋಗತೊಡಗಿತು. ಮುನ್ಸೂಚನೆಯೇ ಇಲ್ಲ. ಒಂದು ಕವನ ಸಂಕಲನದ ಪುಟ ಕಟ್ಟುತ್ತಿರುತ್ತೇನೆ, ಟಪ್! ಪರದೆಯಲ್ಲಿ ಕವಿತೆಯ ಬದಲು ನನ್ನ ಮುಖವೇ ಕಾಣುತ್ತದೆ. ನಾನು ಪಿತ್ರಾರ್ಜಿತ ವಿದ್ಯೆಯಂತೆ ಬಲ ಪಕ್ಕೆಗೆ ಒಂದು ಕೊಟ್ಟೆ. ಗಣಿತದ ಮೇಷ್ಟ್ರಿಗೆ ಇದು ಸರಿಬರಲಿಲ್ಲ.

"ಒಂದೊಂದಾಗಿ ನೋಡನ," ಎಂದ ಶ್ರೀಧರ. "ಎರಡು ಒಟ್ಟಿಗೆ ಬದಲಾಯಿಸಿದ್ರೆ ಯಾವ್ದರಿಂದ ಸರಿ ಆತು ಹೇಳಿ ಗೊತ್ತಾಗ್ತಿಲ್ಲೆ."

ಮೊದಲು ಪ್ಲಗ್ ಬದಲಾಯಿತು. ಆಮೇಲೆ ಯುಪಿಎಸ್ ಬಿಟ್ಟು ನೇರ ಗೋಡೆಗೆ ಕೊಟ್ಟು ನೋಡಿದ. ವೈರಸ್ ಹುಡುಕಿದ. ಪಕ್ಕದ ತಗಡು ತೆಗೆದು, ಮೆಮೊರಿಯ ಪಟ್ಟಿಯನ್ನು ಹೊರಗೆಳೆದು, ಶಾಲೆಯ ಹುಡುಗರ ಅಳಿಸುವ ರಬ್ಬರಿನಿಂದ ಅದರ ಹಲ್ಲುಗಳನ್ನು ತಿಕ್ಕಿ ಮತ್ತೆ ಕೂರಿಸಿದ. ಪ್ರತಿ ಸಲವೂ ಅನ್ನ ಬೇಯುವಷ್ಟು ಹೊತ್ತು ಓಡುತ್ತಿತ್ತು, ನಾವು ಮುಖ ಮುಖ ನೋಡಿ ನಗುವಷ್ಟರಲ್ಲಿ ಆರುತ್ತಿತ್ತು. ಕೊನೆಗೆ ಡಬ್ಬವನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಶಿರಸಿಗೆ ಒಯ್ದೆ. ರಿಪೇರಿ ಅಂಗಡಿಯವನು ತಗಡು ಬಿಚ್ಚಿ ಮೇಜಿನ ಮೇಲಿಟ್ಟ. ಮೇಲೆ ಫ್ಯಾನು ಗಾಳಿ ಬೀಸುತ್ತಿತ್ತು. ಕಂಪ್ಯೂಟರ್ ದಿನವಿಡೀ ಒಂದು ಸಲವೂ ನಿಲ್ಲದೆ ಓಡಿತು. ಮನೆಯಲ್ಲಿ ಹಟ ಮಾಡಿ ನೆಂಟರ ಮನೆಯಲ್ಲಿ ಸಂಭಾವಿತನಾಗುವ ಮಾಣಿಯ ಹಾಗೆ.

"ನೋಡಿ ಅಕ್ಕಾ, ಇದಕ್ಕೆ ಏನೂ ಆಗಿಲ್ಲ," ಎಂದ ಅವನು. "ನಿಮ್ಮನೆ ಕರೆಂಟಿನ ದೋಷ ಇರಬೇಕು."

ವಾಪಸು ತಂದು ಜಾಗಕ್ಕಿಟ್ಟೆ. ಅನ್ನ ಬೆಂದಿತು. ಕಂಪ್ಯೂಟರ್ ಆರಿತು.

ಅದರ ಬೆನ್ನಿಗೇ ಒಂದು ಸಂಜೆ ಗುಡುಗು ಬಂತು. ಮಳೆ ನಾಲ್ಕು ಹನಿ, ಸಿಡಿಲು ಮಾತ್ರ ಬೇಕಾದಷ್ಟು. ಇಂಟರ್ನೆಟ್ಟಿನ ಪೆಟ್ಟಿಗೆಯಲ್ಲಿ ವೈಫೈ ಸತ್ತುಹೋಯಿತು. ವಯರು ಸಿಕ್ಕಿಸಿದರೆ ಮಾತ್ರ ಕೆಲಸ ಮಾಡುತ್ತಿತ್ತು, ಅಂದರೆ ಕಂಪ್ಯೂಟರಿಗೆ ಮಾತ್ರ. ನಮ್ಮ ಮನೆಯೊಳಗೆ ಮೊಬೈಲ್ ಸಿಗ್ನಲ್ ಇಲ್ಲ. ಮಾತಾಡಬೇಕಾದರೆ ಸ್ಕೂಟರ್ ಹತ್ತಿ ರಸ್ತೆಯ ತಿರುವಿನ ತನಕ ಹೋಗಬೇಕು. ಹೊಸ ಪೆಟ್ಟಿಗೆ ಬರಲು ವಾರವಾಗುತ್ತದೆ ಎಂದರು. ಇರಲಿ, ನಮಗೇನು ಅವಸರ ಎಂದುಕೊಂಡೆವು. ಅದೇ ವಾರ ಅತ್ತೆ ಮೆಟ್ಟಿಲು ಜಾರಿ ಕಾಲು ಮುರಿದುಕೊಂಡು, ಮೊಣಕಾಲ ತನಕ ಪ್ಲಾಸ್ಟರ್ ಹಾಕಿಸಿಕೊಂಡು ಮಂಚ ಹಿಡಿದರು.

ಮಂಗಳವಾರ ಶ್ರೀಧರ ಶಾಲೆಯಿಂದ ಬೇಗ ಬಂದ. ಸ್ಕೂಟರ್ ಸ್ಟ್ಯಾಂಡ್ ಹಾಕುವುದನ್ನೂ ಮರೆತು ಗೋಡೆಗೆ ಒರಗಿಸಿ ಒಳಗೆ ಬಂದು, "ಫೋನ್ ಬಂದಿತ್ತು," ಎಂದ.

ಫೋನು ಮಾಡಿದ್ದು ರಾಜ್ಯದ ಆ ತುದಿಯ ಒಂದು ಶಿಶುಗೃಹದ ಸೂಪರಿಂಟೆಂಡೆಂಟ್ ಮೇಡಂ. ಒಂದು ಹೆಣ್ಣು ಮಗು ಇದೆ, ಮೂರು ವರ್ಷದ್ದು. ಗುರುವಾರ ಬೆಳಿಗ್ಗೆ ಸಮಿತಿ ಕೂರುತ್ತದೆ. ಮೊದಲು ವಿಡಿಯೋದಲ್ಲಿ ಮಾತಾಡುತ್ತಾರೆ, ಒಪ್ಪಿಗೆಯಾದರೆ ಬರಲು ಹೇಳುತ್ತಾರೆ. ಮೇಡಂ ಹೇಳಿದ ಮಾತನ್ನು ಶ್ರೀಧರ ಅವರ ಧಾಟಿಯಲ್ಲೇ ಒಪ್ಪಿಸಿದ: "ಮನ್ಯಾಗಿನ ಹಿರ್ಯಾರ ಜೋಡೀನೂ ಮಾತಾಡಬೇಕ್ರಿ. ಮನಿಯಿಂದೇ ಕೂಡ್ರಿ, ಮನೀನೂ ನೋಡ್ದಂಗ ಆಗ್ತದ."

ಮನೆಯಿಂದಲೇ! ಅತ್ತೆಯನ್ನು ಎತ್ತಿಕೊಂಡು ಪೇಟೆಗೆ ಹೋಗುವಂತಿರಲಿಲ್ಲ. ಉಳಿದದ್ದು ಆ ಕಂಪ್ಯೂಟರ್ ಒಂದೇ. ಶ್ರೀಧರ ಬುಧವಾರ ಶಾಲೆಯ ಲ್ಯಾಪ್‌ಟಾಪ್ ತಂದ. ಹೊಸದು, ತೆಳ್ಳಗೆ, ನೋಡಿದರೆ ಕಣ್ಣು ತುಂಬುವಂಥದು. ಅದನ್ನು ನಾಲ್ಕೂ ಕಡೆ ತಿರುಗಿಸಿ ನೋಡಿದೆವು. ವಯರು ಸಿಕ್ಕಿಸಲು ಅದರಲ್ಲಿ ತೂತೇ ಇರಲಿಲ್ಲ.

ಕೊನೆಗೆ ಅವನೇ ಒಂದು ಲೆಕ್ಕ ಹಾಕಿದ. ಕಂಪ್ಯೂಟರನ್ನು ಗುರುವಾರದ ತನಕ ಮುಟ್ಟುವುದು ಬೇಡ. ಕರೆಯ ಹೊತ್ತಿಗೆ ಸರಿಯಾಗಿ ಹಾಕಿದರೆ ಅನ್ನ ಬೇಯುವಷ್ಟು ಹೊತ್ತು ಸಿಗುತ್ತದೆ. ಅಷ್ಟರಲ್ಲಿ ಮಾತು ಮುಗಿಯಬೇಕು. "ಅವು ಕೇಳಿದ್ದಕ್ಕಷ್ಟೇ ಉತ್ತರ ಕೊಡು. ಕತೆ ಹೇಳಡ," ಎಂದು ನನಗೆ ಎಚ್ಚರಿಕೆ ಬೇರೆ.

ಗುರುವಾರ ಬೆಳಿಗ್ಗೆ ಅತ್ತೆಯ ಮಂಚವನ್ನೇ ಕಂಪ್ಯೂಟರಿನ ಕೋಣೆಗೆ ಎಳೆದು ತಂದೆವು. ಅತ್ತೆ ಇಸ್ತ್ರಿ ಮಾಡಿದ ಸೀರೆ ಉಟ್ಟು, ದಿಂಬಿಗೆ ಒರಗಿ, ಪ್ಲಾಸ್ಟರಿನ ಕಾಲು ನೀಡಿ ಕೂತರು. ಏನೂ ಮಾತಾಡಲಿಲ್ಲ. ಆ ಮೌನ ಕಂಪ್ಯೂಟರಿಗಿಂತ ಹೆಚ್ಚು ನನ್ನನ್ನು ಹೆದರಿಸುತ್ತಿತ್ತು.

ಕರೆ ಸೇರಿತು. ಒಂದು ಉದ್ದ ಮೇಜು, ಅದರ ಹಿಂದೆ ದಪ್ಪ ಕನ್ನಡಕದ ಅಧ್ಯಕ್ಷೆ, ಪಕ್ಕದಲ್ಲಿ ಒಬ್ಬ ಡಾಕ್ಟರು, ತುದಿಯಲ್ಲಿ ಸೂಪರಿಂಟೆಂಡೆಂಟ್ ಮೇಡಂ. ಹಿಂದೆ ಗೋಡೆಯ ಹತ್ತಿರ ನೀಲಮ್ಮ ಎಂಬ ಆಯಾ ನಿಂತಿದ್ದರು. ಅವರ ಹೆಗಲ ಮೇಲೆ ಮಗು ಮುಖ ಹುದುಗಿಸಿಕೊಂಡಿತ್ತು. ನಮಗೆ ಕಂಡದ್ದು ಒಂದು ಪುಟ್ಟ ಬೆನ್ನು ಮತ್ತು ಕೆಂಪು ರಿಬ್ಬನ್ನಿನ ಎರಡು ಜುಟ್ಟು ಮಾತ್ರ.

ಅಧ್ಯಕ್ಷೆ ಪ್ರಶ್ನೆ ಕೇಳಿದರು. ಶ್ರೀಧರ ಸೂತ್ರ ಹೇಳುವ ಹಾಗೆ ಚುಟುಕಾಗಿ ಉತ್ತರಿಸಿದ. ನನ್ನ ಸರದಿ ಬಂದಾಗ ನಾನು ಏನು ಹೇಳಿದೆನೋ ನೆನಪಿಲ್ಲ, ನನ್ನ ಕಣ್ಣು ಜುಟ್ಟಿನ ಮೇಲಿತ್ತು, ಕಿವಿ ಕಂಪ್ಯೂಟರಿನ ಮೇಲಿತ್ತು. ಆಮೇಲೆ ಅಧ್ಯಕ್ಷೆ ಅತ್ತೆಯ ಕಡೆ ತಿರುಗಿದರು.

"ಅಜ್ಜಿ, ಮಕ್ಕಳು ಹೇಳೂದು ಕೇಳಿದ್ವಿ. ನಿಮ್ಮ ಒಪ್ಪಿಗಿ ಅದ ಏನ್ರಿ?"

ಅತ್ತೆ ಸೆರಗು ಸರಿಮಾಡಿಕೊಂಡರು. ಒಮ್ಮೆ ಗಂಟಲು ಸರಿಮಾಡಿದರು.

"ನಂಗೆ ಒಂದು ಮಾತು ಕೇಳೂದಿತ್ತು," ಎಂದರು. "ನೀವು..."

ಟಪ್.

ಕಪ್ಪು ಪರದೆಯಲ್ಲಿ ನಾವು ಮೂವರೂ ಕಂಡೆವು, ಮೂವರ ಬಾಯಿಯೂ ತೆರೆದಿತ್ತು.

ಶ್ರೀಧರ ಗುಂಡಿ ಒತ್ತಿದ. ಕಂಪ್ಯೂಟರ್ ಹೊತ್ತಿಕೊಂಡು, ಕಂಪನಿಯ ಹೆಸರು ತೋರಿಸಿ, ಆರಿತು. ಇನ್ನೊಮ್ಮೆ ಒತ್ತಿದ. ಹೆಸರೂ ಬರಲಿಲ್ಲ. "ಆಯಿ ಬೇಡ ಹೇಳಿ ನಾವೇ ಬಂದ್ ಮಾಡಿದ್ದು ಅಂದ್ಕತ್ತೊ ಅವು," ಎಂದ. ಅತ್ತೆ ಬೇಡ ಅನ್ನುತ್ತಾರೆಂದು ನಾವೇ ಕರೆ ಕಡಿದೆವೆಂದು ಅವರು ಎಣಿಸಿದರೆ ಎಂದು ನಾನೂ ಯೋಚಿಸುತ್ತಿದ್ದೆ. ಅವನು ಮೊಬೈಲ್ ಎತ್ತಿಕೊಂಡು, "ತಿರುವಿಗೆ ಹೋಗಿ ಫೋನ್ ಮಾಡಿ ಬತ್ತೆ," ಎನ್ನುತ್ತಲೇ ಹೊರಗೆ ಓಡಿದ. ಸ್ಕೂಟರ್ ಒದ್ದ ಸದ್ದು ಕೇಳಿಸಿತು, ಆಮೇಲೆ ಅದೂ ಇಲ್ಲ.

ಕೋಣೆಯಲ್ಲಿ ನಾನು, ಅತ್ತೆ, ಸತ್ತ ಕಂಪ್ಯೂಟರ್. ಆ ಕಡೆ ಇನ್ನೊಂದು ಕುಟುಂಬ ಸರದಿಯಲ್ಲಿ ಕಾಯುತ್ತಿರಬಹುದು. ಅಧ್ಯಕ್ಷೆ ಕನ್ನಡಕ ತೆಗೆದು ಮುಂದಿನ ಹೆಸರು ಕರೆಯುತ್ತಿರಬಹುದು. ಅತ್ತೆ ಏನು ಕೇಳಬೇಕೆಂದಿದ್ದರು ಎಂದು ನಾನು ಕೇಳಬೇಕಿತ್ತು. ಬೇಡವಾದ ಉತ್ತರ ಬಂದುಬಿಟ್ಟರೆ ಎಂಬ ಭಯದಲ್ಲಿ ಕಂಪ್ಯೂಟರನ್ನೇ ತಬ್ಬಿಕೊಂಡೆ. ನಿಜವಾಗಿಯೂ ತಬ್ಬಿಕೊಂಡೆ, ಅಷ್ಟರ ಮಟ್ಟಿಗೆ ಬುದ್ಧಿ ಕೆಟ್ಟಿತ್ತು. ಡಬ್ಬದ ಬೆನ್ನಿಗೆ ತಾಗಿದ ಕೈ ಚುರ್ ಎಂದಿತು. ದೋಸೆ ಕಾವಲಿಯ ಹಾಗೆ ಕಾದಿತ್ತು.

ಆಗ ಹೊಳೆಯಿತು. ಅಲ್ಲಿಂದ ಯಾವಾಗಲೂ ಗಾಳಿ ಬರುತ್ತಿತ್ತಲ್ಲ? ಹಿಂದೆಲ್ಲ ಕಂಪ್ಯೂಟರ್ ಗುಂಯ್ ಎನ್ನುತ್ತಿತ್ತು, ಆ ಸದ್ದು ಕೇಳದೆ ಎಷ್ಟು ಕಾಲವಾಯಿತು! ಆರುವುದನ್ನೇ ಕಾಯುತ್ತ, ಸದ್ದು ನಿಂತದ್ದನ್ನು ನಾನು ಗಮನಿಸಿಯೇ ಇರಲಿಲ್ಲ. ಮೇಜನ್ನು ಗೋಡೆಯಿಂದ ಎಳೆದು, ಟಾರ್ಚ್ ಹಿಡಿದು ಹಿಂದಿನ ಜಾಲರಿಯೊಳಗೆ ಬಗ್ಗಿ ನೋಡಿದೆ. ಕರೆಂಟು ಬರುವ ಮುಚ್ಚಿದ ಪೆಟ್ಟಿಗೆಯೊಳಗೆ, ಪಕ್ಕದ ತಗಡು ಬಿಚ್ಚಿದರೂ ಕಾಣದ ಪುಟ್ಟ ಫ್ಯಾನಿನ ಎಸಳುಗಳ ನಡುವೆ ಮಣ್ಣು. ಬೆರಳು ಬೆರಳಿನಂತೆ ಸಾಲಾಗಿ, ನುಣ್ಣಗೆ ಮೆತ್ತಿದ ಮಣ್ಣು. ಕುಂಬಾರ ಹುಳ ಅಲ್ಲಿ ಮನೆ ಕಟ್ಟಿತ್ತು!

"ಎಂತದೆ ಅದು?" ಎಂದರು ಅತ್ತೆ.

"ಕುಂಬಾರ ಹುಳ ಗೂಡು ಕಟ್ಟಿದ್ದು ಅತ್ತೆ. ಫ್ಯಾನ್ ತಿರುಗ್ತಾ ಇಲ್ಲೆ. ಬಿಸಿ ಹೊರಗೆ ಹೋಗ್ಲೆ ದಾರಿ ಇಲ್ಲೆ. ಶಿರಸಿಲಿ ತಗಡು ಬಿಚ್ಚಿ ಗಾಳಿಗೆ ಇಟ್ಟಿದ್ದಕ್ಕೇ ಓಡಿದ್ದು."

"ಮೊದ್ಲು ವಯರು ಕೀಳು," ಎಂದರು. ಕಿತ್ತೆ. ಜಾಲರಿಯ ಸಂದಿನಲ್ಲಿ ಬೆರಳು ತೂರುವಂತಿರಲಿಲ್ಲ. ಹೇರ್‌ಪಿನ್ ಹಾಕಿದೆ, ಬಗ್ಗಿತು. ಸುತ್ತ ನೋಡುತ್ತಿದ್ದಾಗ ಅತ್ತೆ ದಿಂಬಿನಡಿ ಕೈಹಾಕಿ ಸ್ವೆಟರ್ ಹೆಣೆಯುವ ಉದ್ದನೆಯ ಕಡ್ಡಿ ತೆಗೆದು ನೀಡಿದರು. ಪ್ಲಾಸ್ಟರಿನೊಳಗೆ ತುರಿಕೆಯಾದಾಗ ಆಡಿಸಲು ಇಟ್ಟುಕೊಂಡದ್ದು. "ತಗ. ಸಾವಕಾಶ ಮಾಡು. ಎಸಳು ಮುರದ್ರೆ ಕಷ್ಟ."

ಮಣ್ಣು ಗಟ್ಟಿಯಾಗಿತ್ತು. ಕುಟ್ಟಿದೆ, ಕೆರೆದೆ, ಊದಿದೆ. ಮಣ್ಣಿನ ಜೊತೆಗೆ ಒಣಗಿದ ಜೇಡಗಳ ಚೂರುಗಳು ಉದುರಿದವು. ಮರಿಗಳಿಗೆಂದು ತಾಯಿ ಹುಳ ತುಂಬಿಟ್ಟ ಬುತ್ತಿಯಲ್ಲಿ ಉಳಿದದ್ದು. ಮರಿಗಳು ಯಾವಾಗಲೋ ಗೋಡೆ ಕೊರೆದು ಹಾರಿಹೋಗಿದ್ದವು. ಬೇರೆ ದಿನವಾಗಿದ್ದರೆ ನಾನು ಕೂತು ನೋಡುತ್ತಿದ್ದೆ.

ಕೆರೆಯುತ್ತಲೇ, ತಿರುಗಿ ನೋಡದೆ, ಕೊನೆಗೂ ಕೇಳಿದೆ. "ಅತ್ತೆ, ಅವ್ರ ಹತ್ರ ಎಂತ ಕೇಳಕು ಹೇಳಿ ಇತ್ತು?"

"ಅವ್ರ ಹತ್ರವೇ ಕೇಳ್ತೆ," ಎಂದರು ಅತ್ತೆ. "ನೀ ಕೈ ಆಡ್ಸು."

ಕೊನೆಯ ಹೆಂಟೆ ಉದುರಿದಾಗ ಕಡ್ಡಿಯ ತುದಿಯಿಂದ ಎಸಳನ್ನು ತಳ್ಳಿದೆ. ಅದು ಸಲೀಸಾಗಿ ಒಂದು ಸುತ್ತು ಬಂತು. ಅಡುಗೆಮನೆಯ ಟೇಬಲ್ ಫ್ಯಾನ್ ತಂದು ಡಬ್ಬದ ಬೆನ್ನಿಗೆ ಹಿಡಿದೆ. ತಡೆಯುವಷ್ಟು ತಡೆದು, ಕೈಯಿಟ್ಟರೆ ಸುಡುವುದಿಲ್ಲ ಎಂದಾದಾಗ ವಯರು ಸಿಕ್ಕಿಸಿ ಗುಂಡಿ ಒತ್ತಿದೆ. ಗುಂಯ್ ಎಂದಿತು. ಯಾವ ಸಂಗೀತ ಕಚೇರಿಯಲ್ಲೂ ನಾನು ಅಷ್ಟು ಭಕ್ತಿಯಿಂದ ಶ್ರುತಿ ಕೇಳಿದವಳಲ್ಲ. ಹೆಸರು ಬಂತು, ಪರದೆ ಬೆಳಗಿತು. ಕರೆಯ ಕೊಂಡಿ ಒತ್ತಿದೆ. ಸುತ್ತುವ ಚಕ್ರ ಸುತ್ತುತ್ತಲೇ ಇತ್ತು.

ಸೇರಿತು.

ಮೊದಲು ಏನೂ ತಿಳಿಯಲಿಲ್ಲ. ಪರದೆಯ ತುಂಬ ಕಪ್ಪಾದ, ಹೊಳೆಯುವ ಏನೋ. ಅದು ರೆಪ್ಪೆ ಬಡಿಯಿತು. ಮಗುವಿನ ಕಣ್ಣು! ಹಿಂದಿನಿಂದ ಕೈಗಳು ಬಂದು ಅದನ್ನು ಎತ್ತಿಕೊಂಡವು. ಮೇಜು, ಕನ್ನಡಕ, ಡಾಕ್ಟರು ಎಲ್ಲ ಮತ್ತೆ ಕಂಡರು.

"ಬಂದ್ರಿ?" ಎಂದರು ಸೂಪರಿಂಟೆಂಡೆಂಟ್ ಮೇಡಂ. "ಅಜ್ಜಿಗೆ ಸಿಟ್ಟು ಬಂತೋ ಏನೋ ಅಂತ ಮಾತಾಡ್ಲಿಕತ್ತಿದ್ವಿ ನೋಡ್ರಿ."

ನಾನು ಹುಳದ ಕತೆ ಶುರುಮಾಡಬೇಕೆನ್ನುವಷ್ಟರಲ್ಲಿ ಅತ್ತೆ ಕೈ ಎತ್ತಿ ನನ್ನನ್ನು ತಡೆದರು.

"ನಂಗೆ ಸಿಟ್ಟಿಲ್ಲ," ಎಂದರು. ಹೊರಗಿನವರ ಜೊತೆ ಆಡುವ ಭಾಷೆಯಲ್ಲಿ ಶುರುಮಾಡಿ, ಹೋಗ್ತಾ ಹೋಗ್ತಾ ತಮ್ಮದಕ್ಕೇ ಬಂದರು. "ಒಪ್ಪಿಗೆ ಇದ್ದಾ ಹೇಳಿ ನನ್ನ ಕೇಳ್ತ್ರಿ. ಮಗನ ಕೇಳಿದ್ರಿ, ಸೊಸೆಯ ಕೇಳಿದ್ರಿ. ಆ ಕೂಸಿನ ಹತ್ರ ಯಾರಾದ್ರೂ ಕೇಳಿದ್ರಾ? ನನ್ನ ಈ ಮನೆಗೆ ಕೊಡೂವಾಗ ಯಾರೂ ಕೇಳ್ಲಿಲ್ಲೆ. ಬಂದೆ, ಇದ್ದೆ. ಚೊಲೋದೇ ಆತು. ಆದ್ರೂ ಒಂದು ಮಾತು ಕೇಳಕಾಗಿತ್ತು ಹೇಳಿ ಈಗಲೂ ಅನಸ್ತು. ಮುಂದೆ ಅದಕ್ಕೂ ಹಾಂಗೆ ಅನಸೂದು ಬೇಡ."

ಇಷ್ಟು ವರ್ಷಗಳಲ್ಲಿ ಅತ್ತೆ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಟೇಬಲ್ ಫ್ಯಾನಿನ ಗಾಳಿಗೆ ನನ್ನ ಪ್ರೂಫ್ ಹಾಳೆಗಳು ಕೋಣೆಯ ತುಂಬ ಹಾರುತ್ತಿದ್ದವು, ಹಿಡಿಯಲು ಕೈ ಏಳಲಿಲ್ಲ.

ಅಧ್ಯಕ್ಷೆ ಕನ್ನಡಕ ತೆಗೆದರು. "ಅಜ್ಜಿ, ಮೂರು ವರ್ಷದ ಕೂಸಿಗೆ ಹೆಂಗ ಕೇಳೂದ್ರಿ?"

"ಸಣ್ಣ ಮಕ್ಕಳು ಹೇಳ್ತೊ," ಎಂದರು ಅತ್ತೆ. "ನಾವು ನೋಡೂದಿಲ್ಲ, ಅಷ್ಟೆ."

ಅಧ್ಯಕ್ಷೆ ಹಿಂದೆ ತಿರುಗಿ ಏನೋ ಹೇಳಿದರು. ನೀಲಮ್ಮ ಮಗುವನ್ನು ತಂದು ಮೇಜಿನ ಮೇಲೆ ಕೂರಿಸಿದರು. ಆಗ ಮುಖ ಕಂಡಿತು. ಅದು ನಗಲಿಲ್ಲ, ಅಳಲಿಲ್ಲ, ನಮ್ಮನ್ನು ಪರೀಕ್ಷೆಯ ಕೋಣೆಯ ಮೇಲ್ವಿಚಾರಕರಂತೆ ನೋಡಿತು. ಅತ್ತೆ, "ಇಲ್ನೋಡು, ಕಾಲು ಮುರ್ಕಂಡು ಕೂತಿದ್ದೆ," ಎಂದು ತಮ್ಮ ಪ್ಲಾಸ್ಟರ್ ತೋರಿಸಿದರು. ಮಗು ಅದನ್ನು ಬಹಳ ಹೊತ್ತು ನೋಡಿತು. ಆಮೇಲೆ ಬಗ್ಗಿ, ತನ್ನ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ನಮಗೆ ತೋರಿಸಿತು. ತನ್ನದು ಸರಿಯಿದೆ ಎಂದೋ, ತನಗೂ ಒಂದಿದೆ ಎಂದೋ, ಯಾರಿಗೆ ಗೊತ್ತು.

ಅಷ್ಟರಲ್ಲಿ ಶ್ರೀಧರ ಬಾಗಿಲಲ್ಲಿ ಬಂದು ನಿಂತ. ಅಂಗಿ ಬೆನ್ನಿಗೆ ಅಂಟಿತ್ತು. "ಫೋನ್ ಎತ್ತತಾ ಇಲ್ಲೆ ಅವು," ಎಂದವನು ಪರದೆ ನೋಡಿ ಅಲ್ಲಿಯೇ ನೆಲದ ಮೇಲೆ ಕೂತುಬಿಟ್ಟ. ಕರೆ ಮುಗಿಯುವ ತನಕ ಕಂಪ್ಯೂಟರ್ ಆರಲಿಲ್ಲ. ಮುಗಿದ ಮೇಲೂ ನಾನು ಅದನ್ನು ಆರಿಸಲಿಲ್ಲ. ಸಮಿತಿ ಏನು ತೀರ್ಮಾನಿಸಿತೆಂದು ಆ ದಿನ ಹೇಳಲಿಲ್ಲ. ಮರುದಿನ ನಾವಿಬ್ಬರೂ ರಸ್ತೆಯ ತಿರುವಿನಲ್ಲಿ, ಕಲ್ಲಿನ ಮೇಲೆ, ಬಸ್ಸು ತಪ್ಪಿಸಿಕೊಂಡವರಂತೆ ಮೊಬೈಲ್ ಹಿಡಿದು ಕೂತಿದ್ದೆವು. ದಾರಿಹೋಕರೆಲ್ಲ "ಎಂತ ಸುದ್ದಿ?" ಎಂದರು, ನಾವು ಸೆಖೆ ಎಂದೆವು. ಮಧ್ಯಾಹ್ನದ ಬಿಸಿಲಲ್ಲಿ ಫೋನು ಬಂತು. "ಬರ್ರಿ" ಎಂದರು.

ನಾದಿನಿ ಬಂದು ಅತ್ತೆಯ ಜೊತೆ ನಿಂತಳು. ಹೊರಡುವಾಗ ಅತ್ತೆ, "ಕೇಳಿಯೇ ಕರ್ಕಂಡು ಬನ್ನಿ," ಎಂದರು.

ಶಿಶುಗೃಹದ ವರಾಂಡದಲ್ಲಿ ಮಗು ನೀಲಮ್ಮನ ಸೀರೆ ಹಿಡಿದು ನಿಂತಿತ್ತು. ನಾನು ಊರಿಂದ ಅಭ್ಯಾಸ ಮಾಡಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. ಏನಾದರೂ ಹೇಳಬೇಕಲ್ಲ ಎಂದು, ಅವತ್ತು ಕಂಪ್ಯೂಟರ್ ಆರಿಹೋದದ್ದಕ್ಕೆ ನೀಲಮ್ಮನ ಹತ್ತಿರ ಕ್ಷಮೆ ಕೇಳಿದೆ.

"ಅಯ್ಯ, ಅವತ್ತು ಈಕಿ ಮಾಡಿದ್ದು ಕೇಳ್ರಿ," ಎಂದರು ನೀಲಮ್ಮ. "ಅಲ್ಲೀತನಕ ಹೆಗಲಿಂದ ಮುಖಾನೇ ಎತ್ತಿದ್ದಿಲ್ಲ. ನೀವು ಮಾಯ ಆದ್ರಿ ನೋಡ್ರಿ, ಇಳಿದು ಓಡಿ ಹೋದ್ಳು. ನೀವು ಕಾಣತಿದ್ದ ಮೊಬೈಲ್ ಹಿಂದ ನೋಡಿದ್ಳು, ಮೇಜಿನ ಕೆಳಗ ನೋಡಿದ್ಳು. ಎಲ್ಲಿ ಹೋದ್ರು ಅಂತ ನನ್ನ ಮುಖ ನೋಡಿದ್ಳು. ಕನ್ನಡಕದ ಅಧ್ಯಕ್ಷ ಮ್ಯಾಡಂ ಅವರು ನೋಡ್ಕೋತ ಕೂತಿದ್ರು. ಅಜ್ಜಿ ಆ ಮಾತು ಕೇಳಿದಾಗ ಅವರಿಗೆ ಉತ್ತರ ಗೊತ್ತೇ ಇತ್ತು ಬಿಡ್ರಿ."

ನಾನು ವರಾಂಡದ ನೆಲದ ಮೇಲೆ ಕೂತೆ. ಶ್ರೀಧರ ಗೋಡೆಯ ಕಡೆ ತಿರುಗಿ, ಓದಲು ಏನೂ ಇಲ್ಲದ ಸುಣ್ಣದ ಗೋಡೆಯನ್ನು ಗಮನವಿಟ್ಟು ಓದತೊಡಗಿದ. ಮಗು ನೀಲಮ್ಮನ ಸೀರೆ ಬಿಟ್ಟು ಎರಡು ಹೆಜ್ಜೆ ಬಂತು. ನನ್ನ ಮುಖ ನೋಡಿತು. ನಾನು ಕೈ ಚಾಚಲಿಲ್ಲ, ಕೇಳಿಯೇ ಕರೆತರಬೇಕಲ್ಲ. ಅದು ನನ್ನ ಪಕ್ಕದಿಂದ ಹಾದು ನಿಧಾನವಾಗಿ ಹಿಂದೆ ಹೋಯಿತು. ಬೆನ್ನ ಮೇಲೆ ಒಂದು ಪುಟ್ಟ ಅಂಗೈ ತಾಗಿತು, ಜಡೆಯನ್ನು ಎತ್ತಿ ಬಿಟ್ಟಿತು, ಸೆರಗನ್ನು ಜಗ್ಗಿ ನೋಡಿತು. ಹಿಂದೆಯೂ ನಾನೇ ಇದ್ದೇನೆಂದು ಖಾತ್ರಿಯಾಗಿರಬೇಕು. ಪೂರ್ತಿ ಒಂದು ಸುತ್ತು ಬಂದು, ಮುಂದೆ ನಿಂತು, ನನ್ನ ತೊಡೆಯ ಮೇಲೆ ಕೂತುಕೊಂಡಿತು.